ರಾಜೀವಿಯ ಆರನೆಯ ವಾಕ್ಯ

ಇಡಗುಂದಿಯ ರಾಜೀವಿಗೆ ನಲವತ್ತೆರಡು ವರ್ಷ. ಯಲ್ಲಾಪುರದ ಖಾಸಗಿ ಹಾಸ್ಟೆಲ್ ಒಂದರಲ್ಲಿ ಏಳು ವರ್ಷಗಳಿಂದ ಅಡುಗೆ ಸಹಾಯಕಿ. ಕೆಲಸ ತಾತ್ಕಾಲಿಕ. ಕಾಯಂ ಆಗಲು ಹತ್ತನೇ ತರಗತಿ ಪಾಸಾಗಿರಬೇಕು. ಇಂಗ್ಲಿಷ್ ಒಂದು ಬಾಕಿ. ಎರಡು ಸಲ ಕೈಕೊಟ್ಟಿತ್ತು. ಈ ಮಾರ್ಚ್‌ನಲ್ಲೂ ಪಾಸಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಆಡಳಿತ ಮಂಡಳಿ ತಿಳಿಸಿತ್ತು.

ಅದೇ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಓದುತ್ತಿದ್ದ ಉಮ್ಮಚಗಿಯ ನಮಿತಾ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಪಾಠ ಹೇಳಲು ಒಪ್ಪಿದಳು. ಐದು ವಾಕ್ಯ ಬರೆಯುವ ಪ್ರಶ್ನೆಗೆಂದು ‘ಹೆಲ್ಪ್’ ಎಂಬ ಕ್ರಿಯಾಪದ ಆರಿಸಿದಳು. ಯಾರು, ಯಾರಿಗೆ, ಯಾವ ಕೆಲಸದಲ್ಲಿ ನೆರವಾದರು ಎಂದು ಬರೆದರೆ ಸಾಕೆಂದಳು.

ರಾಜೀವಿ ಇಂಗ್ಲಿಷಿನಲ್ಲಿ ಬರೆದಳು: ನಾನು ಲಕ್ಷ್ಮಿಗೆ ಸಸಿ ನೆಡಲು ಹೆಲ್ಪ್ ಮಾಡಿದೆ. ಲಕ್ಷ್ಮಿ ನನಗೆ ಸಸಿ ನೆಡಲು ಹೆಲ್ಪ್ ಮಾಡಿದಳು. ಹೀಗೇ ಕೇರಿಯ ಚೌಡಮ್ಮ, ಹೀಗೇ ಗಣಪ, ಇನ್ನೂ ಇಬ್ಬರು. ಐದು ಕೇಳಿದರೆ ಹತ್ತು. ಅವಳ ಕೇರಿಯಲ್ಲಿ ಇನ್ನೂ ಮುರಿಯಾಳು ಇದೆ: ಇಂದು ಅವರು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ಅವರ ಗದ್ದೆಗೆ, ಕೂಲಿ ಇಲ್ಲ. ಹಿಂದಿನ ಪರೀಕ್ಷೆಯಲ್ಲೂ ಹೀಗೆ ಬರೆಯುತ್ತ ಕೂತು, ಪತ್ರ ಬರೆಯುವ ಪ್ರಶ್ನೆ ಹಾಗೇ ಉಳಿದಿತ್ತು.

‘ಒಂದು ಬದೀದು ಸಾಕು ಅಕ್ಕಾ. ಲಕ್ಷ್ಮಿ ತಿರುಗಿ ಬಂದ್ಲಾ ಅಂತ ಪೇಪರ್ ನೋಡೋರು ಕೇಳೂದಿಲ್ಲ’ ಎಂದಳು ನಮಿತಾ.

‘ಅವ್ರು ಕೇಳೂದಿಲ್ಲ. ಆದ್ರೆ ಬಂದವಳನ್ನ ಬರಲಿಲ್ಲ ಅಂದ ಹಾಗಾಗ್ತದಲ್ಲೇ ತಂಗಿ.’

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಎರಡು ಜೋಡಿ, ಮೇಲೊಂದು ಒಂಟಿ ವಾಕ್ಯ.

ಪರೀಕ್ಷೆಯಲ್ಲಿ ನಾಲ್ಕು ವಾಕ್ಯ ಬೇಗ ಮುಗಿದವು. ಐದನೆಯದು, ನಮಿತಾ ನನಗೆ ಇಂಗ್ಲಿಷ್ ಕಲಿಯಲು ಹೆಲ್ಪ್ ಮಾಡಿದಳು. ಇಪ್ಪತ್ತು ನಿಮಿಷ ಉಳಿದಿತ್ತು, ಪತ್ರ ಇನ್ನೂ ಬರೆದಿರಲಿಲ್ಲ. ರಾಜೀವಿ ಆರನೆಯದನ್ನೂ ಬರೆದಳು: ನಾನು ನಮಿತಾಗೆ ಹೆಲ್ಪ್ ಮಾಡುತ್ತೇನೆ. ಪತ್ರದ ಕೆಳಗೆ ಸಹಿ ಹಾಕುವಾಗ ಗಂಟೆ ಹೊಡೆಯಿತು. ಹೊರಗೆ ಬಂದು ನಮಿತಾಳಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಬೈಸಿಕೊಂಡಳು.

ಮೂವತ್ತೇಳು ಅಂಕ ಬಂತು. ಜುಲೈನಲ್ಲಿ ಕಾಯಂ ಆದೇಶ ಕೈಗೆ ಸಿಕ್ಕಿತು.

ಡಿಸೆಂಬರ್‌ನಲ್ಲಿ ಅವಳು ಎರಡು ದಿನ ರಜೆ ಹಾಕಿ, ನಮಿತಾಳ ಜೊತೆ ಉಮ್ಮಚಗಿಯ ಅವಳ ಮನೆಗೆ ಹೋಗಿ ಅಡಿಕೆ ಸುಲಿದಳು. ಹೊರಡುವಾಗ ನಮಿತಾಳ ತಾಯಿ ಕೂಲಿಯೆಂದು ಲಕೋಟೆ ತಂದರು. ರಾಜೀವಿ ಕೈ ಹಿಂದೆ ಕಟ್ಟಿಕೊಂಡಳು.

‘ಕೊಡಡ ಆಯಿ, ಅದು ಪೇಪರಲ್ಲೇ ಬರದಾಯ್ದು’ ಎಂದು ತಾಯಿಯನ್ನು ತಡೆದಳು ನಮಿತಾ.