ಎರಡು ನಾವು

ಎಡಿಸನ್ ಸ್ಟೇಷನ್ ಹತ್ತಿರದ ಪುಟ್ಟ ಟೀ ಅಂಗಡಿ. ನ್ಯೂಯಾರ್ಕ್ ರೈಲಿಗೆ ಇನ್ನೂ ಅರ್ಧ ಗಂಟೆಯಿತ್ತು. ಎರಡು ಟೀ ಹೇಳಿ, ನನ್ನ ಅಣ್ಣನ ಮಗಳು ಸ್ಮಿತಾ ಮೆಲ್ಲಗೆ ಅಂದಳು: "ಚಿಕ್ಕಪ್ಪ, ಈ ಅಂಕಲ್ಸ್ ಇಬ್ರೂ ಶ್ರೀಲಂಕಾದವ್ರು. ಅಲ್ಲಿನ ಸಿವಿಲ್ ವಾರ್‌ನಲ್ಲಿ ಇಬ್ರೂ ತಮ್ಮಂದಿರನ್ನ ಕಳ್ಕೊಂಡಿದಾರೆ, ಆಪೋಸಿಟ್ ಸೈಡ್ಸಲ್ಲಿ. ಇಲ್ಲಿ ಬಿಸಿನೆಸ್ ಪಾರ್ಟ್ನರ್ಸ್."

ಕೌಂಟರಿನಲ್ಲಿದ್ದವರು ತಮಿಳರಾದ ರಾಸಯ್ಯ. ಟೀ ಕಾಯಿಸುತ್ತಿದ್ದವರು ಸಿಂಹಳೀಯರಾದ ನಿಮಲ್.

ಬೆಂಗಳೂರಿನ ಬೀದಿಯಲ್ಲಿ ಕಲಿತ ತಮಿಳನ್ನು ಪ್ರದರ್ಶಿಸುವ ಚಪಲ ನನಗೆ. 'ನಾವೆಲ್ಲ ಅಕ್ಕಪಕ್ಕದವರು' ಎನ್ನಲು ಹೋಗಿ 'ನಾಂಗ' ಎಂದೆ. ರಾಸಯ್ಯ ಜೋರಾಗಿ ನಕ್ಕರು. 'ನಾಂಗ' ಎಂದರೆ ನಿಮ್ಮನ್ನು ಬಿಟ್ಟು ನಾವು; ನಿಮ್ಮನ್ನೂ ಸೇರಿಸಿಕೊಂಡರೆ 'ನಾಮ' ಎನ್ನಬೇಕಂತೆ. ಒಂದೇ 'ನಾವು' ಇರುವ ಭಾಷೆಯಲ್ಲಿ ಬೆಳೆದ ಕನ್ನಡಿಗನಿಗೆ ಇದು ಹೊಳೆಯುವುದಾದರೂ ಹೇಗೆ!

ಸಲುಗೆ ಸಿಕ್ಕಿತೆಂದು, ಕೇಳಬಾರದ್ದನ್ನೇ ಕೇಳಿಬಿಟ್ಟೆ. ಯುದ್ಧ ಯಾಕಾಯಿತು?

"ನೆಲ, ಭಾಷೆ, ಕೆಲಸ, ಎಲ್ಲವೂ ಕಾರಣವೇ," ಎಂದರು ರಾಸಯ್ಯ ತಮಿಳಿನಲ್ಲಿ. "ಕೊನೆಕೊನೆಗೆ ನಮ್ಮ ಬಾಯಲ್ಲಿ 'ನಾಂಗ' ಒಂದೇ ಉಳಿಯಿತು."

ಹಾಗಾದರೆ ಕನ್ನಡವೇ ವಾಸಿ, ನಮ್ಮಲ್ಲಿ ಒಂದೇ 'ನಾವು' ಎಂದು ನಾನು ಬೀಗಿ ಹೇಳಿದ್ದೇ ತಡ, ಒಲೆಯ ಕಡೆಯಿಂದ ನಿಮಲ್ ಇಂಗ್ಲಿಷಿನಲ್ಲಿ ಹೇಳಿದರು: "ಸಿಂಹಳದಲ್ಲೂ ಒಂದೇ. ಆದರೂ ಹೊಡೆದಾಡಿದೆವು."



ನಿಮಲ್ ಟೀ ತಂದಿಟ್ಟು, ಪಾಲುದಾರನಿಂದ ಕಲಿತ ತೊದಲು ತಮಿಳಿನಲ್ಲಿ, "ನಾಮ ಕುಡಿಯೋಣ," ಎಂದು ಕರೆದರು. ಟ್ರೇಯಲ್ಲಿ ನಾಲ್ಕು ಲೋಟಗಳಿದ್ದವು.