ಆಯುಧಪೂಜೆಗೆ ಹೊಸ ಬಟ್ಟೆ ಉಟ್ಟ ಸರ್ವರು

ನಮ್ಮ ಯಜಮಾನರ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಮಸಿಯ ಒಂದು ಕಪ್ಪು ಗೆರೆ ಕಾಯಂ ಆಗಿ ನೆಲೆಸಿತ್ತು. ಅಚ್ಚುಮೊಳೆ ಜೋಡಿಸುವ ಕಾಲ ಮುಗಿದು, ಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿ ವರ್ಷಗಳಾದರೂ ಆ ಗೆರೆ ಮಾತ್ರ ಜಾಗ ಖಾಲಿ ಮಾಡಿರಲಿಲ್ಲ. ಅದೇ ಬೆರಳಿನಿಂದ ಅವರು ಕಂಪ್ಯೂಟರಿನ ಎಂಟರ್ ಗುಂಡಿ ಒತ್ತುತ್ತಿದ್ದರು. ಒತ್ತುವ ಮುಂಚೆ ಒಮ್ಮೆ ಕಣ್ಣು ಮುಚ್ಚುತ್ತಿದ್ದರು. ಅರಮನೆಯ ಆಜ್ಞೆಗೆ ಮೊಹರು ಹಾಕುವವರು ಕೂಡ ಅಷ್ಟು ಗಂಭೀರವಾಗಿ ಇದ್ದಿರಲಾರರು.

ಅಗ್ರಹಾರದ ಒಂದು ಗಲ್ಲಿಯಲ್ಲಿ ಅವರ ಮನೆ. ಮನೆಯ ಮುಂಭಾಗದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು, ಮಹಡಿಯ ಮೇಲೆ ವೆಬ್‌ಸೈಟುಗಳ ವ್ಯಾಪಾರ. ಎರಡು ಸಾವಿರದ ಆಚೀಚಿನ ಆ ವರ್ಷಗಳಲ್ಲಿ ನಾನು ಮಹಡಿಯ ಏಕೈಕ ನೌಕರ. ಹೊಣೆಗಾರಿಕೆಯೆಂದರೆ ಸರ್ವರು, ಅಂದರೆ ಬಗಲಲ್ಲೊಂದು ಟೇಬಲ್ ಫ್ಯಾನ್ ಇಟ್ಟುಕೊಂಡು ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಒಂದು ಡಬ್ಬಿ. ಊರಿನ ಕೆಲವು ಅಂಗಡಿಗಳ, ಒಂದೆರಡು ಟ್ಯುಟೋರಿಯಲ್ಲುಗಳ, ಒಂದು ದೊಡ್ಡ ಮದುವೆ ಛತ್ರದ ಪುಟಗಳು ಅದರ ಹೊಟ್ಟೆಯಲ್ಲಿದ್ದವು. ಯಾರು ಎಲ್ಲಿಂದ ಕೇಳಿದರೂ ಆ ಪುಟಗಳನ್ನು ಎತ್ತಿ ಕೊಡುವುದು ಡಬ್ಬಿಯ ಧರ್ಮ. ಛತ್ರದ ಪುಟದಲ್ಲಿ ದಿನ ಖಾಲಿ ಇದೆಯೇ ಎಂದು ವಿಚಾರಿಸಬಹುದಿತ್ತು, ಇದ್ದರೆ ಅಲ್ಲೇ ಕಾದಿರಿಸಬಹುದಿತ್ತು. ಮೈಸೂರಿನಲ್ಲಿ ಆಗ ಇದು ದೊಡ್ಡ ಸಂಗತಿ. ಯಜಮಾನರು ಇದನ್ನು ತಮ್ಮ ಜೀವಮಾನದ ಸಾಧನೆಗಳ ಪೈಕಿ ಎಣಿಸುತ್ತಿದ್ದರು.

ಒಂದು ವರ್ಷ ಆಯುಧಪೂಜೆಯ ಬೆಳಿಗ್ಗೆ ಅವರಿಗೆ ಸರ್ವರಿನ ತಂತ್ರಾಂಶ ಹಳೆಯದಾಯಿತು ಎಂಬ ಚಿಂತೆ ಹತ್ತಿತು. ಹೊಸ ಆವೃತ್ತಿ ಬಂದು ತಿಂಗಳುಗಳಾಗಿದ್ದವು.

"ಹಬ್ಬ ಮುಗೀಲಿ ಸಾರ್," ಎಂದೆ.

"ಹಬ್ಬದ ದಿನ ಹಳೇ ಬಟ್ಟೇಲಿ ಕೂರಿಸ್ತಾರೇನಪ್ಪ ಪೂಜೆಗೆ? ಹಾಕು ಹೊಸದನ್ನ."

ಹಾಕಿದೆ. ಇಂಥ ತಂತ್ರಾಂಶ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ಅದರ ಪರಿವಾರವೂ ಬದಲಾಗುತ್ತದೆ. ಎಲ್ಲ ಸರಿಯಾಗಿದೆಯೇ ಎಂದು ಒಂದೊಂದೇ ಪುಟ ತೆರೆದು ನೋಡಲು ಕೂರುವಷ್ಟರಲ್ಲಿ ಯಜಮಾನರು ಅರಿಶಿನ ಕುಂಕುಮದೊಂದಿಗೆ ಮಹಡಿ ಹತ್ತಿ ಬಂದರು. ಡಬ್ಬಿಗೆ ಮೂರು ಎಳೆ ವಿಭೂತಿ, ಚೆಂಡುಹೂವಿನ ಹಾರ, ಮಂಗಳಾರತಿ. ಬಾಗಿಲಲ್ಲಿ ಕುಂಬಳಕಾಯಿ ಒಡೆಯಿತು.

"ಒಂದೈದು ನಿಮಿಷ ನೋಡ್ಬಿಡ್ತೀನಿ ಸಾರ್."

"ಪೂಜೆಗೆ ಕೂತ ಆಯುಧ ಮುಟ್ಟಬಾರದು ಕಣೋ. ನಮ್ಮ ತಂದೆ ಕಾಲದಿಂದ್ಲೂ ಈ ಮನೇಲಿ ಮುಟ್ಟಿಲ್ಲ. ವಿಜಯದಶಮಿ ದಿನ ಮಂಗಳಾರತಿ ಎತ್ತಿ ಆಮೇಲೆ ನೋಡು."

ಕೆಳಗಿನ ಪ್ರೆಸ್ಸಿಗೆ ಇದು ಸರಿಯಾದ ನಿಯಮ. ಪೂಜೆಗೆ ಕೂತ ಪ್ರೆಸ್ಸು ಸುಮ್ಮನೆ ಕೂತಿರುತ್ತದೆ. ಸರ್ವರು ಮಾತ್ರ ಹಾರ ಹಾಕಿಕೊಂಡೇ ದುಡಿಯುತ್ತಿತ್ತು. ಆ ಭೇದವನ್ನು ಶಾಸ್ತ್ರಕ್ಕೆ ತಿಳಿಸಿದವರಿರಲಿಲ್ಲ.

ವಿಜಯದಶಮಿಯಂದು ನೋಡಿದೆ. ಪುಟಗಳೆಲ್ಲ ತೆರೆಯುತ್ತಿದ್ದವು, ಚಿತ್ರಗಳು ಕಾಣುತ್ತಿದ್ದವು. ಛತ್ರದ ಪುಟದಲ್ಲಿ ಒಂದು ದಿನಾಂಕ ಕೇಳಿದೆ. ಖಾಲಿ ಇದೆ ಎಂದಿತು. ಇನ್ನೊಂದು ಕೇಳಿದೆ. ಅದೂ ಖಾಲಿ. ಮೂರನೆಯದೂ. ಅನುಮಾನ ಬಂದು ಒಳಗೆ ಇಣುಕಿದಾಗ ತಿಳಿಯಿತು. ಹಳೆಯ ತಂತ್ರಾಂಶದಲ್ಲಿ ಜನ ಪುಟದಲ್ಲಿ ಬರೆದ ದಿನಾಂಕ ನೆಟ್ಟಗೆ ನಡುಮನೆಗೇ ಬಂದುಬಿಡುತ್ತಿತ್ತು. ಹೊಸದು ಅದನ್ನು ಜಗುಲಿಯ ಮೇಲೆ ಕೂರಿಸುತ್ತದೆ, ಹೆಸರು ಹಿಡಿದು ಕರೆದರಷ್ಟೇ ಒಳಗೆ ಬಿಡುತ್ತದೆ. ವಿಚಾರಿಸುವ ಪುಟ ಹಳೇ ಕಾಲದ್ದು, ಅದಕ್ಕೆ ಕರೆಯುವ ಅಭ್ಯಾಸವಿಲ್ಲ. ಹಾಗಾಗಿ ದಿನಾಂಕವೇ ಇಲ್ಲದ ಒಂದು ದಿನ ಖಾಲಿಯಿದೆಯೇ ಎಂದು ಅದು ತನ್ನನ್ನು ತಾನೇ ಕೇಳಿಕೊಂಡು, ಇದೆ ಎಂದು ಉತ್ತರಿಸುತ್ತಿತ್ತು. ಆಮೇಲಿನ ಕಾದಿರಿಸುವ ಪುಟ ಈಚಿನದು, ಅದಕ್ಕೆ ಕರೆಯಲು ಬರುತ್ತಿತ್ತು, ಆಗಲೇ ಬೇರೆಯವರದಾಗಿದ್ದ ದಿನವನ್ನೂ ಅದು ಯಾವ ತಕರಾರೂ ಇಲ್ಲದೆ ಬರೆದುಕೊಳ್ಳುತ್ತಿತ್ತು.

ಒಂದು ಕಾಫಿ ಕುಡಿಯುವಷ್ಟರಲ್ಲಿ ಸರಿಪಡಿಸಿದೆ. ನಡುವೆ ಯಾರಾದರೂ ಕಾದಿರಿಸಿದ್ದಾರೆಯೇ ಎಂದು ನೋಡಬೇಕಿತ್ತು. ಯಜಮಾನರು ಬೇಡವೆಂದರು. "ಹಬ್ಬದ ದಿನ ಯಾರಪ್ಪ ಛತ್ರ ಹುಡುಕ್ತಾರೆ? ಎಲ್ರೂ ಜಂಬೂಸವಾರಿ ನೋಡ್ತಿರ್ತಾರೆ."

ಯಜಮಾನರಿಗೊಂದು ಪದ್ಧತಿಯಿತ್ತು. ಅಚ್ಚಿಗೆ ಹೋಗುವ ಪ್ರತಿ ಲಗ್ನಪತ್ರಿಕೆಯನ್ನೂ ಗಟ್ಟಿಯಾಗಿ ಓದಬೇಕು, ವಧೂವರರ ಅಜ್ಜಂದಿರ ಹೆಸರಿಗೆ ತಲೆದೂಗಬೇಕು, 'ಸುಖಾಗಮನವನ್ನು ಬಯಸುವ' ಎಂಬಲ್ಲಿಗೆ ಬಂದಾಗ ತಾವೇ ಕರೆಯುತ್ತಿರುವಂತೆ ಎದ್ದು ನಿಲ್ಲಬೇಕು. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಅಗ್ರಹಾರದ ಬಟ್ಟೆ ವ್ಯಾಪಾರಿಗಳೊಬ್ಬರ ಮಗಳ ಪತ್ರಿಕೆ ಓದಿ ಮುಗಿಸಿದರು. ಊಟವಾದ ಮೇಲೆ ಇನ್ನೊಂದು ತೆಗೆದುಕೊಂಡು ಅರ್ಧಕ್ಕೆ ನಿಲ್ಲಿಸಿದರು.

"ಇದನ್ನ ಬೆಳಿಗ್ಗೆ ಓದಿದ್ನಲ್ಲೋ?"

"ಇಲ್ಲ ಸಾರ್, ಇದು ಬೇರೆ. ಡ್ರೈವಿಂಗ್ ಸ್ಕೂಲಿನವರ ಮಗಳದು."

"ಛತ್ರ?"

"ಅದೇ."

"ದಿನ?"

ನಾನು ಬೆಳಗಿನ ಪತ್ರಿಕೆಯನ್ನು ತಂದು ಪಕ್ಕದಲ್ಲಿಟ್ಟೆ. ದಿನವೂ ಅದೇ. ಅವರು ಕನ್ನಡಕ ತೆಗೆದು ಪತ್ರಿಕೆಯ ಮೇಲಿಟ್ಟರು. ಕಾರ್ತಿಕದ ಆ ಮುಹೂರ್ತಕ್ಕೆ ಊರಿನಲ್ಲಿ ಬೇರೊಂದು ಛತ್ರ ಸಿಗುವ ಮಾತೇ ಇರಲಿಲ್ಲ. ಅದನ್ನು ಪ್ರೆಸ್ಸಿನವರಿಗಿಂತ ಚೆನ್ನಾಗಿ ಬಲ್ಲವರಾರು? ಎರಡು ಮನೆಯವರೂ ನೆಂಟರಿಗೆಲ್ಲ ಬಾಯಿಮಾತಿನಲ್ಲಿ ಹೇಳಿ ಮುಗಿಸಿದ್ದರು. ಒಬ್ಬ ಹುಡುಗಿಗೆ ಮುಹೂರ್ತವಿತ್ತು, ಚಪ್ಪರವಿರಲಿಲ್ಲ.

ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಅವರು ಡ್ರೈವಿಂಗ್ ಸ್ಕೂಲಿಗೆ ಹೊರಟರು. ಅದರ ಮಾಲೀಕರು ತಿ.ನರಸೀಪುರದ ಕಡೆಯ ಒಕ್ಕಲು ಮನೆತನದವರು, ಎತ್ತರದ ಆಸಾಮಿ. ಮಾತು ಪೂರ್ತಿ ಕೇಳಿಸಿಕೊಂಡರು.

"ಮೊದ್ಲು ಬುಕ್ ಮಾಡಿದೋರು ಅವ್ರಾ?"

"ಅವರೇ."

"ಮತ್ತೆ ನನ್ಗ್ಯಾಕೆ ಖಾಲಿ ಐತೆ ಅಂತು ನಿಮ್ ಮಿಷಿನ್ನು?"

"ಮಿಷಿನ್ನಿನ ತಪ್ಪಿಲ್ಲ. ಗಾಡಿ ಇಂಜಿನ್ ಬದಲಾಯಿಸಿದೆ, ಬ್ರೇಕ್ ನೋಡದೆ ಹಾರ ಹಾಕಿ ರೋಡಿಗೆ ಬಿಟ್ಟೆ. ತಪ್ಪು ನಂದು."

"ಅಂಗ್ ಮಾಡಿದೋರಿಗೆ ನಾವು ಲೈಸೆನ್ಸ್ ಕೊಡ್ಸಾಕಿಲ್ಲ ಸ್ವಾಮಿ."

"ಕೊಡಿಸಬಾರದು," ಎಂದರು ಯಜಮಾನರು.

ಒಳಗಿನಿಂದ ಹುಡುಗಿಯ ತಾಯಿಯ ದನಿ ಬಂತು. "ಅವ್ರನ್ನ ಬೈದ್ಬುಟ್ರೆ ಛತ್ರ ಬತ್ತದಾ? ಮುಂದೇನು ಅಂತ ಕೇಳಿ."

ಮುಂದೇನು ಎಂಬುದಕ್ಕೆ ಉತ್ತರ ಅಂಗಳದಾಚೆಗೇ ಇತ್ತು. ಕಲಿಯುವವರು ಎಂಟರ ಆಕಾರದಲ್ಲಿ ಗಾಡಿ ಸುತ್ತಿಸುವ ಮೈದಾನ. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು. "ಶಾಮಿಯಾನ ನಂದು, ಪತ್ರಿಕೆ ನಂದು," ಎಂದರು. "ನೆಂಟರನ್ನ ಇಲ್ಲಿಗೆ ತಲುಪಿಸೋದೂ ನಂದು."

ಮದುವೆಯ ದಿನ ಅವರು ರೇಷ್ಮೆ ಪಂಚೆ ಉಟ್ಟು ಬೆಳಗಿನಿಂದ ಛತ್ರದ ಬಾಗಿಲಲ್ಲಿ ನಿಂತರು. ಪತ್ರಿಕೆ ನೋಡದೆ ಬಾಯಿಮಾತು ನಂಬಿ ಬಂದವರು ಬೇಕಾದಷ್ಟು ಮಂದಿ. ಪ್ರತಿಯೊಬ್ಬರಿಗೂ ಕೈ ಮುಗಿದು, "ಯಾವ ಹುಡುಗಿ ಕಡೆಯವರು?" ಎಂದು ಕೇಳುವುದು, ಬಟ್ಟೆ ವ್ಯಾಪಾರಿಗಳ ಕಡೆಯವರನ್ನು ಒಳಕ್ಕೆ ಬಿಡುವುದು, ಉಳಿದವರನ್ನು ಕೆಂಪು 'ಎಲ್' ಬರೆದ ಕಾರುಗಳಲ್ಲಿ ತುಂಬಿಸಿ ಮೈದಾನಕ್ಕೆ ಕಳಿಸುವುದು. ಒಂದು ವಿಳಾಸಕ್ಕೆ ಬಂದವರನ್ನು ಸದ್ದಿಲ್ಲದೆ ಇನ್ನೊಂದಕ್ಕೆ ಸಾಗಿಸುವ ಈ ಕೆಲಸವನ್ನು ಸರ್ವರುಗಳೂ ಮಾಡುತ್ತವೆ. ಅವಕ್ಕೆ ಬಿಸಿಲು ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಎರಡು ಕಡೆಯೂ ಧಾರೆ ಮುಗಿಯಿತು ಎಂದು ತಿಳಿದ ಮೇಲೆ ಯಜಮಾನರು ಎರಡು ಕಡೆಯೂ ಊಟ ಮಾಡದೆ ಮನೆಗೆ ಹೋಗಿ ಮೊಸರನ್ನ ಉಂಡರು.

ಅಂದಿನಿಂದ ಮನೆಯ ಶಾಸ್ತ್ರಕ್ಕೆ ಒಂದು ತಿದ್ದುಪಡಿಯಾಯಿತು. ಸರ್ವರಿನಲ್ಲಿ ಏನು ಬದಲಾದರೂ, ಆಯುಧಪೂಜೆಯೇ ಆಗಲಿ ಗ್ರಹಣವೇ ಆಗಲಿ, ಯಜಮಾನರು ಅದರ ಮುಂದೆ ಕೂತು ಯಾವುದಾದರೊಂದು ದಿನಕ್ಕೆ ಛತ್ರ ಕಾದಿರಿಸುತ್ತಿದ್ದರು. ವರನ ಜಾಗದಲ್ಲಿ ಅವರ ಹೆಸರು, ವಧುವಿನ ಜಾಗದಲ್ಲಿ ಅವರ ಹೆಂಡತಿಯದು. ಕಣ್ಣು ಮುಚ್ಚಿ, ಮಸಿಯ ಬೆರಳಿನಿಂದ ಎಂಟರ್. ಬಳಿಕ ಅದೇ ದಿನಕ್ಕೆ ಮತ್ತೊಮ್ಮೆ.

"ಒಂದ್ಸಲ ಹೂಂ ಅಂದ್ರೆ ಸಾಲದು ಕಣೋ," ಎನ್ನುತ್ತಿದ್ದರು. "ಎರಡನೇ ಸಲ ಊಹೂಂ ಅನ್ನಬೇಕು. ಅದು ಬಂದ್ರೇನೇ ಸರ್ವರು."

ಊಹೂಂ ಬಂದಾಗ ಮಹಡಿಯಿಂದ ಅಡುಗೆಮನೆಗೆ ಕೂಗುತ್ತಿದ್ದರು. "ನೋಡೇ, ಈ ಸಲವೂ ನಮಗೇ ಸಿಕ್ತು ಛತ್ರ."

"ಅಡುಗೆಯೋರು ಯಾರು ಅಂತ ಕೇಳಿ ಹಾಗೇ," ಎನ್ನುತ್ತಿದ್ದರು ಯಜಮಾನರ ಹೆಂಡತಿ, ನನ್ನ ಪಾಲಿಗೆ ಅಮ್ಮ. ಯಜಮಾನರು ಕಾದಿರಿಸಿದ್ದನ್ನು ರದ್ದು ಮಾಡಿ ಇಳಿದು ಹೋಗುತ್ತಿದ್ದರು. ಹೀಗೆ ಅವರು ನನ್ನ ಕಣ್ಣೆದುರಿಗೇ ಆಕೆಯನ್ನು ಎಷ್ಟು ಸಲ ಮದುವೆಯಾದರೋ ಹೇಳಲಾರೆ.

ಒಂದು ಆಷಾಢದಲ್ಲಿ, ಪತ್ರಿಕೆಗಳ ಕೆಲಸವಿಲ್ಲದ ತಿಂಗಳಲ್ಲಿ, ಅವರು ತೀರಿಕೊಂಡರು. ಹೃದಯದ ತೊಂದರೆ ಎಂದರು ಡಾಕ್ಟರು. ಕೆಲಕಾಲದ ಮೇಲೆ ಡಬ್ಬಿಯೂ ದಣಿಯಿತು. ಹೊಸದನ್ನು ತಂದು, ಹೊಸ ಆವೃತ್ತಿ ಹಾಕಿ, ಛತ್ರದ ಪುಟ ತೆರೆದು ಕೂತೆ. ವರನ ಜಾಗ ಬಂದಾಗ ಬೇರೆ ಹೆಸರು ಹೊಳೆಯಲಿಲ್ಲ. ಅವೇ ಎರಡು ಹೆಸರು ತುಂಬಿದೆ. ಒಪ್ಪಿಕೊಂಡಿತು. ಇನ್ನೊಮ್ಮೆ ತುಂಬಿದೆ.

ಅಷ್ಟರಲ್ಲಿ ಅಮ್ಮ ಕಾಫಿ ತಂದರು. ಹೊಸ ಡಬ್ಬಿಯನ್ನು ಒಮ್ಮೆ ನೋಡಿ, "ಏನಂತಪ್ಪ?" ಎಂದರು.

"ಆ ದಿನ ಆಗಲೇ ಬುಕ್ ಆಗಿದೆಯಂತಮ್ಮ."

"ಹಾಗಾದ್ರೆ ಸರಿಯಾಗಿದೆ," ಎಂದು ಲೋಟ ಇಟ್ಟು ಕೆಳಗಿಳಿದರು.

ರದ್ದು ಮಾಡುವ ಗುಂಡಿ ಪರದೆಯ ಕೆಳಭಾಗದಲ್ಲೇ ಇತ್ತು. ಕಾಫಿ ಮುಗಿಯಲಿ ಎಂದು ಬಿಟ್ಟೆ.