ಗುರುರಾಜರ ಮೆತ್ತನೆಯ ಮಾತು

ನಮ್ಮ ಕನ್ನಡ ಸಂಘದಲ್ಲಿ ಜಗಳ ಹರಿಯಬೇಕಾದರೆ ಸಮರ್‌ಸೆಟ್ ಊರಿನ ಗುರುರಾಜರನ್ನು ಕರೆಯುತ್ತಾರೆ. ಅಷ್ಟು ನಯದ ಮನುಷ್ಯ. ಅವರಿಗೆ ಕೆಲಸ ಮ್ಯಾನ್‌ಹಟನ್‌ನಲ್ಲಿ, ಅರಸರಾಳುವ ಒಂದು ದೇಶದ ಕಾನ್ಸುಲೇಟಿನಲ್ಲಿ. ಅಲ್ಲಿ ಯಾರೂ 'ಆಗಲ್ಲ' ಎನ್ನುವುದಿಲ್ಲ, 'ಪರಿಶೀಲಿಸುತ್ತೇವೆ' ಎನ್ನುತ್ತಾರೆ. 'ಕೊಡಿ' ಎನ್ನುವುದಿಲ್ಲ, 'ಕೊಟ್ಟರೆ ಸಂತೋಷ' ಎನ್ನುತ್ತಾರೆ. ನಾಲಿಗೆಗೆ ಎಲುಬಿಲ್ಲ ಎಂಬುದು ಗಾದೆ. ವರ್ಷಗಟ್ಟಲೆ ಹೀಗೆ ಮಾತಾಡಿ ಗುರುರಾಜರ ಬೆನ್ನಿಗೂ ಎಲುಬಿಲ್ಲದಂತಾಗಿತ್ತು.

ಕಾನ್ಸುಲ್ ಸಾಹೇಬರ ಮನೆಯಲ್ಲಿ ಅಡುಗೆಗೆ ಇದ್ದವರು ಗದಗ ಕಡೆಯ ಕಮಲವ್ವ. ಆ ದೇಶಕ್ಕೆ ದುಡಿಯಲು ಹೋಗಿದ್ದ ಆಕೆಯನ್ನು ಸಾಹೇಬರು ಜೊತೆಗೇ ಇಲ್ಲಿಗೆ ಕರೆತಂದಿದ್ದರು. ಪಾಸ್‌ಪೋರ್ಟ್ ಮಾತ್ರ ಸಾಹೇಬರ ಮೇಜಿನ ಡ್ರಾಯರಿನಲ್ಲಿ, 'ಭದ್ರವಾಗಿರಲಿ' ಎಂದು. ಉಪ್ಪು, ಅನ್ನ, ನೀರು ಎಂಬ ಪದಗಳನ್ನು ಬಿಟ್ಟರೆ ಕಮಲವ್ವನಿಗೆ ಸಾಹೇಬರ ಭಾಷೆಯೂ ಬಾರದು, ಇಂಗ್ಲಿಷೂ ಬಾರದು. ಊರಲ್ಲಿ ಮಗಳು ಬಸುರಿ. ಒಂದು ದಿನ ಗುರುರಾಜರನ್ನು ಸಾಹೇಬರ ಮುಂದೆ ನಿಲ್ಲಿಸಿಕೊಂಡು ಹೇಳಿದರು:

"ಹೇಳ್ರಿ ಇವರಿಗೆ. ನನ್ನ ಪಾಸ್‌ಪೋರ್ಟ್ ಇವತ್ತ ಕೊಡಬೇಕು. ಕೊಡಲಿಲ್ಲಂದ್ರ ಪೊಲೀಸರ ಕಡೆ ಹೊಕ್ಕೀನಿ. ಚೊಚ್ಚಲ ಬಾಣಂತನಕ್ಕ ಹಡದವ್ವ ಇರಲಿಲ್ಲಂದ್ರ ಹ್ಯಾಂಗ್ರಿ?"

ಗುರುರಾಜರು ತುಸು ಬಾಗಿ ಇಂಗ್ಲಿಷಿನಲ್ಲಿ ಹೇಳಿದ್ದೇ ಬೇರೆ: ತಮ್ಮ ಆಶ್ರಯಕ್ಕೆ ಈಕೆ ಋಣಿ, ತಮಗೆ ಅನುಕೂಲವಾದಾಗ ಒಮ್ಮೆ ಊರಿಗೆ ಹೋಗಿಬರುವ ಆಸೆ.

ಸಾಹೇಬರು ನಕ್ಕರು. ತಲೆಯಾಡಿಸಿದರು.

"ಏನಂದ್ರು?"

"ಪರಿಶೀಲಿಸ್ತಾರಂತೆ ಕಮಲವ್ವ."

ಆಮೇಲೆ ಕೇಳಿದಾಗಲೆಲ್ಲ "ಪ್ರಾಸೆಸ್ ಆಗ್ತಿದೆ" ಎಂಬ ಉತ್ತರ. ಆಕೆ ಕಟ್ಟಿಕೊಟ್ಟ ರೊಟ್ಟಿಯನ್ನು ಮಾತ್ರ ಗುರುರಾಜರು ಮನೆಯ ದಾರಿಯಲ್ಲಿ ಸೀಕಾಕಸ್ ಸ್ಟೇಷನ್ ದಾಟುವಷ್ಟರಲ್ಲಿ ಟ್ರೈನಿನಲ್ಲೇ ತಿಂದು ಮುಗಿಸುತ್ತಿದ್ದರು.

ಮಗಳು ಹೆತ್ತಳು. ಮೊಮ್ಮಗುವನ್ನು ಕಮಲವ್ವ ಫೋನಿನಲ್ಲಿ ನೋಡಿದರು. ಅದೇ ವಾರ ಸಾಹೇಬರ ದೇಶದ ರಾಷ್ಟ್ರೀಯ ದಿನದ ಔತಣಕ್ಕೆ ಅಡುಗೆ ಗೊತ್ತುಮಾಡಲು ಗುರುರಾಜರು ಬಂದಾಗ ಆಕೆ ಅಳಲಿಲ್ಲ.

"ನಾ ಅವತ್ತು ಅಷ್ಟು ಸಿಟ್ಟಿಲೆ ಹೇಳಿದೆ, ಅಂವ ನಕ್ಕ. ಪೊಲೀಸ್ ಅಂದ್ರ ಯಾರರ ನಗ್ತಾರೇನ್ರಿ? ಖರೇ ಹೇಳ್ರಿ, ನೀವೇನಂದ್ರಿ?"

ಗುರುರಾಜರು ಹೇಳಿದರು. ಕಮಲವ್ವ ಒಲೆ ಆರಿಸಿದರು.

"ನಡೀರಿ. ಈಗ ನಾ ಹೇಳಿದ್ದಷ್ಟ ಹೇಳ್ರಿ. ಬೆಲ್ಲ ಬೆರಸಬ್ಯಾಡ್ರಿ."

ಈ ಸಲ ಪೊಲೀಸರ ಮಾತೂ ಸೇರಿ ಇದ್ದದ್ದು ಇದ್ದಂತೆ ಇಂಗ್ಲಿಷಾಯಿತು. ಸಾಹೇಬರ ನಗೆ ಆರಿತು. ಮರುದಿನ ಹತ್ತು ದೇಶದ ರಾಯಭಾರಿಗಳು ಊಟಕ್ಕೆ ಬರುವವರಿದ್ದರು. ಅವರ ಮುಂದೆ ಹೆಸರು ಕೆಡುವುದು ಬೇಡ. ಡ್ರಾಯರ್ ತೆರೆದು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟರು. ಅಷ್ಟೇ. ಕೂಗಾಟವಿಲ್ಲ, ಗುರುರಾಜರ ಕೆಲಸವೂ ಹೋಗಲಿಲ್ಲ. ಒಂದು ನೇರ ಮಾತಿನ ಕೆಲಸ! ಆ ಮಾತನ್ನು ನುಂಗಿದ್ದಕ್ಕೆ ಒಬ್ಬ ತಾಯಿಗೆ ಮಗಳ ಹೆರಿಗೆಗೆ ಹೋಗಲಾಗಲಿಲ್ಲ.

ಏರ್‌ಪೋರ್ಟಿಗೆ ಬಿಡಲು ಗುರುರಾಜರೇ ಹೋದರು. ಕ್ಷಮೆ ಕೇಳಲು ಬಾಯಿ ತೆರೆದರು. ಕಮಲವ್ವ ತಡೆದರು: "ನಿಮ್ಮ ಮಾತು ಭಾಳ ಮೆತ್ತಗ್ರೀ. ಹಲ್ಲಿಲ್ಲದವರಿಗೆ ಉಣಸಾಕ ಛಲೋ."

ಮೊನ್ನೆ ಸಂಘದಲ್ಲಿ ಗುರುರಾಜರಿಗೆ ಶಾಲು ಹೊದಿಸಿ 'ಮೃದುಭಾಷಿ' ಎಂದು ಹೊಗಳಿದೆವು. ಅವರು ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟು, ಮೈಕಿನ ಮುಂದೆ ಇದಿಷ್ಟನ್ನೂ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ವೇದಿಕೆಯಿಂದ ಕೆಳಗಿಳಿಯುವಾಗ ನಮ್ಮ ಕಾರ್ಯದರ್ಶಿ ಸುಪ್ರಿಯಾ ಮೆಲ್ಲಗೆ ಅಂದಳು: "ಅಂಕಲ್, ಇದನ್ನ ಸ್ವಲ್ಪ ನಯವಾಗಿ ಹೇಳಬಹುದಿತ್ತು."